ಹಿಂದಿನ ಎಡಗಾಲಿಯ ಅಳತೆ

2024ರ ಜನವರಿ 18, ಗುರುವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ನಾನು ಯಾದಗಿರಿಯ ಭೀಮಾ ಸೇತುವೆ ದಾಟಿದ ಕೂಡಲೇ ಸಾಯಬಮ್ಮ ಮೀನಿನ ಬುಟ್ಟಿ ಕೆಳಗಿಟ್ಟು ಕೈ ಅಡ್ಡ ಮಾಡಿದಳು. ನಾನು ಕಾರು ನಿಲ್ಲಿಸಲಿಲ್ಲ.

ಯಾದಗಿರಿಯಲ್ಲಿ ಭೌತವಿಜ್ಞಾನ ಕಲಿಸಿ ಶಹಾಪುರದ ಮನೆಗೆ ಮರಳುವಾಗ, ಎರಡು ವರ್ಷದಿಂದ ಆಕೆಯನ್ನು ದೋರನಹಳ್ಳಿಯವರೆಗೆ ಕೂರಿಸಿಕೊಂಡು ಹೋಗುತ್ತಿದ್ದೆ. ಹಿಂದಿನ ಸೀಟಿನ ಎಡಬದಿ ಆಕೆಯದು. ಅಲ್ಲಿ ಗೊಬ್ಬರದ ಖಾಲಿ ಚೀಲ ಹಾಸಿಟ್ಟಿದ್ದೆ. ನನ್ನ ಮಗಳು ಮೌನಿಕಾ ಚಿಕ್ಕವಳಿದ್ದಾಗ ಆ ಬಾಗಿಲಿಗೆ ಹಾಕಿದ ಮಕ್ಕಳ ಲಾಕನ್ನು ತೆಗೆದಿರಲೇ ಇಲ್ಲ. ಒಳಗಿನಿಂದ ಅದು ತೆರೆಯುತ್ತಿರಲಿಲ್ಲ. ದೋರನಹಳ್ಳಿಯಲ್ಲಿ ದಿನವೂ ನಾನೇ ಇಳಿದು ತೆರೆಯಬೇಕು.

"ಬಾಗಲಾ ತೆಗಸ್ಕೊಂಡು ಇಳಿಯಾಕ ನಾ ಏನ್ ತಹಶೀಲ್ದಾರಳೇನ್ರಿ ಮಾಸ್ತರ?" ಎಂದು ನಗುತ್ತಿದ್ದಳು. "ಮೀನ ತಿನ್ನಂಗಿಲ್ಲ, ವಾಸನಿ ಅಷ್ಟ ಮನಿಗೆ ಒಯ್ತೀರಿ."

ಅಂದು ನಿಲ್ಲಿಸದೆ ಇದ್ದುದಕ್ಕೆ ಹೊಸ ಗಾಲಿಗಳು ಕಾರಣ. ಅವನ್ನು ಹಾಕಿಸಿದ ಮೇಲೆ, ಸಂಕ್ರಾಂತಿಯ ರಜೆ ಮುಗಿಸಿ, ಅಂದೇ ಮೊದಲ ಸಲ ಯಾದಗಿರಿಗೆ ಹೋಗಿದ್ದೆ. ಹಿಂದಿನ ಭಾನುವಾರ ಸುರಪುರದ ಉಸ್ಮಾನಸಾಬನ ಟೈರ್ ಅಂಗಡಿಯಲ್ಲಿ ಅಗಲದ ಅಲಾಯ್ ಗಾಲಿ ಹಾಕಿಸಿದ್ದೆ. ಬೋಲ್ಟ್ ಕೂರುವ ಮುಖವು ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೆಗಿದೆ ಎಂಬುದೇ ಆಫ್‌ಸೆಟ್. ಹಳೆಯದು 45 ಮಿಲಿಮೀಟರ್, ಹೊಸದು 35. ಅಂದರೆ ಗಾಲಿ ಹತ್ತು ಮಿಲಿಮೀಟರ್ ಹೊರಗೆ ಸರಿಯುತ್ತದೆ. ರಿಮ್ಮು ಒಂದು ಇಂಚು ಹೆಚ್ಚು ಅಗಲ. ಅದರ ಅರ್ಧ ಹೊರಗಡೆಗೆ. ಒಟ್ಟು ಸುಮಾರು ಇಪ್ಪತ್ಮೂರು. ಈ ಲೆಕ್ಕ ನನಗೆ ಗೊತ್ತಿತ್ತು.

"ಗಾಲಿ ಹೊರಗ ಬಂದ್ರ ಗಾಡಿಗೆ ಎದಿ ಬರ್ತದ್ರಿ ಸರ್," ಎಂದು ಉಸ್ಮಾನಸಾಬ ಖಾಲಿ ಕಾರಿನ ಟೈರಿಗೂ ಮಡ್ಗಾರ್ಡಿಗೂ ನಡುವೆ ಎರಡು ಬೆರಳು ತೂರಿಸಿದ. ಅವನ ಅಳತೆ ಅಷ್ಟೇ. ಹೊರಡುವಾಗ ಮಾತ್ರ, "ಹಿಂದ ಮಂದಿ ಕೂಡಿಸಬ್ಯಾಡ್ರಿ, ಗಾಡಿ ಕುಂತ್ರ ಟೈರ್ ತಗಲ್ತದ," ಎಂದ. ಗಾಲಿಯ ಚೆಂದ ನೋಡುತ್ತ ಹೂಂ ಎಂದೆ.

ಶುಕ್ರವಾರ ಮನಸ್ಸು ತಡೆಯಲಿಲ್ಲ. ಟೈರು ಹಾಳಾದರೂ ಸರಿ ಎಂದು ಸೇತುವೆಯ ಬಳಿ ಇಳಿದು, ಹಿಂದಿನ ಎಡಬಾಗಿಲು ತೆರೆದು ಹಿಡಿದು, ಆಕೆಯನ್ನು ಹುಡುಕಿದೆ. ಚಹಾ ಅಂಗಡಿಯ ದೇವಿಂದ್ರ ಹತ್ತಿರ ಬಂದ.

"ಸಾಯಬವ್ವ ನಿನ್ನಿನೇ ಹೋದ್ಳರಿ ಸರ್. ಟಂಟಂ ಆಟೋ ಬಂದಿತ್ತು, ನಮ್ಮ ಮಾಸ್ತರ ಬರ್ತಾರ ಅಂತ ಹತ್ತಲಿಲ್ಲ. ನೀವು ಹೋದ ಮ್ಯಾಲ ನಡಕೋತ ಹೊಂಟಾಗ ಲಾರಿ ಬಡೀತು."

ಬಾಗಿಲು ಮುಚ್ಚಿ ಹೊರಟೆ. ನೂರು ಮೀಟರ್ ಹೋಗುವುದರೊಳಗೆ ಹಿಂದೆ ಎಡಗಡೆ ರಬ್ಬರು ತಗಡಿಗೆ ಉಜ್ಜತೊಡಗಿತು. ಪ್ರತಿ ತಗ್ಗಿಗೆ ಒಮ್ಮೆ. ಕಾರಿನಲ್ಲಿ ನಾನೊಬ್ಬನೇ. ದೋರನಹಳ್ಳಿ ದಾಟಿದರೂ ಸದ್ದು ನಿಲ್ಲಲಿಲ್ಲ.

ಮನೆಯ ಮುಂದಿನ ಸಮತಟ್ಟಾದ ಫರಸಿಕಲ್ಲಿನ ಹಾಸಿನ ಮೇಲೆ, ಗಾಲಿಯ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ ಅಳೆದೆ. ಬಲಗಡೆ 365 ಮಿಲಿಮೀಟರ್, ಎಡಗಡೆ 351. ಕಾರು ಎಡಕ್ಕೆ ಹದಿನಾಲ್ಕು ಮಿಲಿಮೀಟರ್ ತಗ್ಗಿತ್ತು. ಮೂರು ಸಲ ಅಳೆದೆ. ದೋಷ ಗಾಲಿಯದೋ ಸ್ಪ್ರಿಂಗಿನದೋ ಎಂದು ತಿಳಿದರೆ ಸಾಕಿತ್ತು, ಆ ರಾತ್ರಿ ನಿದ್ದೆ ಬರುತ್ತಿತ್ತು.

ಭಾನುವಾರ ಉಸ್ಮಾನಸಾಬ ಹಳೆಯ ಗಾಲಿಗಳನ್ನೇ ಮರಳಿ ಹಾಕಿದ. ಸದ್ದು ನಿಂತಿತು. ಅಳತೆ ಬದಲಾಗಲಿಲ್ಲ. ನನ್ನ ಒತ್ತಾಯಕ್ಕೆ ಹಿಂದಿನ ಸ್ಪ್ರಿಂಗುಗಳನ್ನು ಬಿಚ್ಚಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ಆಗಲೂ ತಗ್ಗಿದ್ದು ಎಡಗಡೆಯೇ, 351.

"ಸ್ಪ್ರಿಂಗ್ ಛಲೋ ಅದಾವ್ರಿ," ಎಂದು ಅವನು ಕೈ ಒರೆಸಿಕೊಂಡ. "ಹಿಂದ ಏನರ ಭಾರದ್ದು ಇಟ್ಟು ಮರತೀರೇನ್ರಿ?" ನಗುತ್ತ ಕಿಟಕಿಯಲ್ಲಿ ಇಣುಕಿದವನು ನಗು ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದ. ನಾನೂ ನೋಡಿದೆ. ಸೀಟು ಖಾಲಿ ಇತ್ತು. ಗೊಬ್ಬರದ ಚೀಲ ನಡುವೆ ಕುಸಿದು, ಒದ್ದೆಯಾಗಿತ್ತು.

ಮಕ್ಕಳ ಲಾಕು ಆಗ ನೆನಪಾಯಿತು. ಸೇತುವೆಯ ಬಳಿ ಬಾಗಿಲು ತೆರೆದು ಮುಚ್ಚಿದವನು ನಾನೇ. ದೋರನಹಳ್ಳಿಯಲ್ಲಿ ತೆರೆದಿರಲಿಲ್ಲ.

ಶಹಾಪುರದಲ್ಲಿ ಮನೆಯ ತಿರುವು ಬಂದರೂ ತಿರುಗದೆ ನೇರ ಹೋದೆ. ದೋರನಹಳ್ಳಿಯಲ್ಲಿ, ಆಕೆ ಇಳಿಯುತ್ತಿದ್ದ ಬೇವಿನ ಮರದ ಕೆಳಗೆ ನಿಲ್ಲಿಸಿ, ಸುತ್ತಿ ಬಂದು ಬಾಗಿಲು ತೆರೆದು ಹಿಡಿದೆ. ಅಲ್ಲಿ ನಿಂತಿದ್ದ ಟಂಟಂನಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ಮೀನಿನ ವಾಸನೆ ಮುಖಕ್ಕೆ ಹೊಡೆಯಿತು.

"ಇಳೀಬೇ ಯವ್ವಾ, ಊರ ಬಂತು," ಎಂದೆ. "ನಂದ ತಪ್ಪಾತು."

ಬುಟ್ಟಿ ಇಳಿಸಲು ಆಕೆಗೆ ಬೇಕಾಗುತ್ತಿದ್ದಷ್ಟು ಹೊತ್ತು ಹಾಗೆಯೇ ನಿಂತೆ. ನಂತರ ಬಾಗಿಲು ಮುಚ್ಚಿ, ಮೊಣಕಾಲೂರಿ ಟೇಪು ಹಿಡಿದೆ. ಎಡಗಡೆ, 365 ಮಿಲಿಮೀಟರ್.