ತಗಡಿನ ಮೇಲೆ ಒಗೆದ ಹಲ್ಲು

ಪುಣೆಯ ಕಾತ್ರಜದ ಹಲ್ಲಿನ ದವಾಖಾನೆಯ ಮೆಟ್ಟಿಲು ಹತ್ತುವಾಗಲೇ ಭೀಮವ್ವ ತೀರ್ಮಾನ ಹೇಳಿಬಿಟ್ಟಿದ್ದಳು. "ಹಾಲಹಲ್ಲು ಅದು, ಹ್ಯಾಂಗೂ ಬೀಳೂದು. ಕಿತ್ತು ಕೈಯಾಗ ಕೊಡ್ರಿ ಅಂತ ಹೇಳು."

ಮಗಳು ರೇಣು ಹಿಂದೆ ಹತ್ತಿದಳು. ಅನ್ನಬೇಕಾದ್ದನ್ನು ಡೈರಿಯಲ್ಲಿ ಬರೆದು ಸುಮ್ಮನಿರುವುದೇ ಅವಳ ರೂಢಿ. ನಕ್ಕರೂ ಬಾಯಿಗೆ ಅಂಗೈ ಅಡ್ಡ ಬರುತ್ತಿತ್ತು. ಅಣ್ಣ, ಅತ್ತಿಗೆ ಇಬ್ಬರೂ ಹಿಂಜವಾಡಿಯ ಆಫೀಸಿನಲ್ಲಿ. ಹಾಗಾಗಿ ಅವರ ಮಗಳು, ಆರು ವರ್ಷದ ಸಪ್ನಾ, ಅತ್ತೆ ರೇಣುವಿನ ಓಢಣಿಯ ಸೆರಗು ಹಿಡಿದು ಬಂದಿದ್ದಳು.

ಡಾಕ್ಟರ್ ನೀಲಿಮಾ ವಿಜಯಪುರದ ಕಡೆಯವರು. ಸಪ್ನಾಳ ಬಾಯಿ ನೋಡಿ, "ಮ್ಯಾಲಿನ ದವಡಿ ಹಲ್ಲು. ಹುಳುಕು ನರಕ್ಕ ಮುಟ್ಟಿಲ್ಲ, ತುಂಬಿದ್ರ ಉಳೀತದ" ಎಂದರು.

"ಏನ್ ತುಂಬ್ತೀರಿ?" ಭೀಮವ್ವ ಕೇಳಿದಳು.

"ಮೊದಲ ಬೆಳ್ಳಿ ಬಣ್ಣದ್ದು ತುಂಬತಿದ್ವಿ. ಗಟ್ಟಿ ಖರೆ, ಆದ್ರ ಪಾದರಸ ಇರ್ತದ. ಸಣ್ಣವರಿಗೆ ನಾ ಹಾಕಂಗಿಲ್ಲ. ಹಲ್ಲಿನ ಬಣ್ಣದ ಕಾಂಪೋಸಿಟ್ ಛಂದ ಕಾಣ್ತದ, ಬಾಳಿಕಿ ಬರ್ತದ. ಆದ್ರ ತುಂಬೂತನಕ ಹಲ್ಲು ಒಣಗಿರಬೇಕು, ಕೂಸು ಅಳಗ್ಯಾಡಬಾರದು. ಇನ್ನೊಂದು ಗ್ಲಾಸ್ ಅಯನೋಮರ್ ಸಿಮೆಂಟ್. ಸ್ವಲ್ಪ ಹಸಿ ಇದ್ರೂ ಹಿಡೀತದ, ಹುಳುಕು ತಡಿಯೋ ಫ್ಲೋರೈಡ್ ಬಿಡ್ತದ. ಆದ್ರ ಲಗೂ ಸವೀತದ."

"ಸಿಮೆಂಟ? ಹಲ್ಲು ತುಂಬ್ತೀರೋ, ಗೋಡಿ ಕಟ್ತೀರೋ?"

"ನನಗ ಆ ಬೆಳ್ಳೀದು, ಚಾಂದೀದು ಬೇಕು" ಎಂದಳು ಸಪ್ನಾ.

"ಬೀಳೂ ಹಲ್ಲಿಗೆ ಇಷ್ಟ್ಯಾಕ್ರಿ ಉಪಚಾರ? ನಮ್ಮ ರೇಣೂದೂ ಇದೇ ಹಲ್ಲು ಕೀಳಿಸಿದ್ವಿ" ಎಂದಳು ಭೀಮವ್ವ.

ರೇಣುಗೆ ಆ ದಿನ ನೆನಪಿತ್ತು. ಮಾರ್ಕೆಟ್ ಯಾರ್ಡ್ ಹಿಂದಿನ ಬಾಡಿಗೆ ಕೋಣೆಗಳ ಚಾಳು, ಗಾಳಿಯಲ್ಲಿ ಉಳ್ಳಾಗಡ್ಡಿ, ಬೆಲ್ಲದ ವಾಸನೆ. ಅವ್ವ ಹಲ್ಲನ್ನು ಸೆಗಣಿ ಉಂಡೆಯಲ್ಲಿಟ್ಟು ತಗಡಿನ ಮಾಡಿನ ಮೇಲೆ ಒಗೆದಳು. ಧಪ್ ಎಂದು ಬಿದ್ದದ್ದು ಉರುಳಿ ಬಂದು ಅಪ್ಪನ ಟೊಪ್ಪಿಗೆಯ ಮೇಲೆ ಕೂತಿತು. ಮತ್ತೆ ಒಗೆದರು, ಮತ್ತೆ ಉರುಳಿತು. ಇಡೀ ಚಾಳು ಹೊಟ್ಟೆ ಹಿಡಿದು ನಕ್ಕಿತು. ಎಲ್ಲರಿಗಿಂತ ಜೋರಾಗಿ, ಬಾಯಿ ಬಿಟ್ಟು ನಕ್ಕವಳು ರೇಣು. ಹಾಗೆ ನಕ್ಕಿದ್ದು ಆಮೇಲೆ ಎಂದೂ ನೆನಪಿಲ್ಲ. ಹೊಸ ಹಲ್ಲು ಬರುವಷ್ಟರಲ್ಲಿ ಪಕ್ಕದ್ದು ಖಾಲಿ ಜಾಗಕ್ಕೆ ವಾಲಿತ್ತು. ಕೊನೆಗೆ ಬಂದ ಕೋರೆಹಲ್ಲು ಎಡೆ ಸಿಗದೆ ಒಸಡಿನ ಮೇಲೆ ಹತ್ತಿ ಕೂತಿತು.

ನಿಮ್ಮಿಷ್ಟ ಎನ್ನುವಂತೆ ಡಾಕ್ಟರ ಕೈ ಇಕ್ಕಳದ ತಟ್ಟೆಯತ್ತ ಸರಿಯಿತು. ಸಪ್ನಾ ಅತ್ತೆಯ ಮುಖ ನೋಡುತ್ತಿದ್ದಳು.

"ಅವ್ವಾ, ಇಲ್ಲಿ ನೋಡು." ರೇಣು ಬಾಯಿಂದ ಕೈ ತೆಗೆದು, ಬೆರಳಿಂದ ತುಟಿ ಎತ್ತಿದಳು. "ಆ ಹಲ್ಲು ಇದ್ದಿದ್ರ ಇದು ಹಿಂಗ ಬರತಿರಲಿಲ್ಲ. ಈಕಿದು ಕೀಳಸೂದು ಬ್ಯಾಡ."

"ಖರೆ ಅದ್ರಿ" ಎಂದರು ಡಾಕ್ಟರು. "ಮುಂದಿನ ಹಲ್ಲು ಏಳು ವರ್ಷಕ್ಕ ಬೀಳ್ತಾವು. ಇದು ಬೀಳೂದು ಹತ್ತು ಹನ್ನೊಂದಕ್ಕ. ಅಲ್ಲೀತನಕ ಹೊಸದರ ಜಾಗಾ ಕಾಯ್ಕೊಂಡು ಕೂಡ್ತದ."

ಭೀಮವ್ವ ಮಗಳ ಬಾಯನ್ನು ಮೊದಲ ಸಲ ಕಂಡವಳಂತೆ ನೋಡಿದಳು. "ಎಲ್ಲಾ ಒಮ್ಮೆಲೇ ಬೀಳ್ತಾವಂತ ತಿಳಿದಿದ್ದೆ" ಎಂದಳು ಮೆಲ್ಲಗೆ. ಆಮೇಲೆ ಸೆರಗು ಸರಿಮಾಡಿಕೊಂಡು, "ಆ ಹಸಿ ಇದ್ರೂ ಹಿಡಿಯೂದು ತುಂಬ್ರಿ. ಈಕಿ ನಾಲಿಗಿ ಒಂದ ಕಡೆ ನಿಂದರೂದಲ್ಲ. ಸವದ್ರ ಮತ್ತ ಬರ್ತೀವಿ" ಎಂದಳು.

ರಿಕ್ಷಾದಲ್ಲಿ ಭೀಮವ್ವ ಹಲ್ಲು ಒಗೆದ ಕಥೆ ಹೇಳಿದಾಗ ಸಪ್ನಾ ಕೇಳಿದಳು, "ಅಜ್ಜಿ, ಇದು ಬಿದ್ದಾಗ ಎಲ್ಲಿ ಒಗೀಬೇಕು? ನಮ್ಮ ಬಿಲ್ಡಿಂಗಿಗೆ ತಗಡೇ ಇಲ್ಲ."

"ಮಾರ್ಕೆಟ್ ಯಾರ್ಡಿಗೆ ಹೋಗೂಣು. ನಮ್ಮ ಚಾಳು ಇಲ್ಲದಿದ್ರೂ ಯಾವುದರೆ ತಗಡು ಇದ್ದೇ ಇರ್ತದ. ಇದು ಸಿಮೆಂಟಿನ ಹಲ್ಲು, ನಿಮ್ಮ ಅತ್ತೀದರಂಗ ಉರುಳಿ ಬರಂಗಿಲ್ಲ."

ರೇಣು ನಕ್ಕಳು. ಅವಳ ಕೈ ಸಪ್ನಾಳ ಭುಜದ ಮೇಲೆಯೇ ಇತ್ತು.