ದಿವಾಕರನ ಕಡಗ

“ಅದನ್ನು ಇನ್ನು ತೆಗೆದುಬಿಡಿ ಹೃಷಿಕೇಶರೇ,” ಎಂದಳು ಫೋನಿನಲ್ಲಿ ಜಯಶೀಲಾ.

ಹಾಲೆಂಡಿನ ಬಾಡ್‌ಹೂವೆಡಾರ್ಪ್ ಎಂಬ ಊರಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹೃಷಿಕೇಶ್ ಬಲಗೈಯ ಕಡಗ ನೋಡಿಕೊಂಡ. ತೆಳ್ಳಗಿನ ಸ್ಟೀಲಿನದು. ಮೇಲೆ ಕೊರೆದ ಹೆಸರು: ನಾಯಕ್ ದಿವಾಕರ, ೧೯೭೧. ಆ ವರ್ಷದ ಯುದ್ಧದಲ್ಲಿ ಕಾಣೆಯಾದ, ನಾಯಕ್ ದರ್ಜೆಯ ಈ ಸೈನಿಕ ಜಯಶೀಲಳ ಅಪ್ಪ. ಅವಳು ಹುಟ್ಟುವ ಮೊದಲೇ ಹೋದವನು. ಸತ್ತನೋ, ಸೆರೆಯಲ್ಲಿ ಉಳಿದನೋ, ಯಾರಿಗೂ ತಿಳಿಯಲಿಲ್ಲ.

“ಯಾಕೆ? ಏನಾದ್ರೂ ಸುದ್ದಿ ಬಂತಾ?”

ಕೇಳುವಾಗಲೇ ಸುದ್ದಿ ಬಂದಿರಬಾರದು ಎಂದು ತಾನು ಬಯಸುತ್ತಿರುವುದು ಅವನಿಗೆ ಗೊತ್ತಾಯಿತು. ಗೊತ್ತಾದದ್ದನ್ನು ತಕ್ಷಣ ಬದಿಗಿಟ್ಟ. ಅದರಲ್ಲಿ ಅವನು ನಿಪುಣ.

“ಸುದ್ದಿ ಎಲ್ಲಿಂದ ಬರ್ತದೆ ಮಾರಾಯ್ರೆ? ಅಮ್ಮ ಒಪ್ಪಿದ್ರು. ಬೊಜ್ಜ ಮಾಡುವ ಅಂತ.”

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಅದಾಗದೆ ಸತ್ತವನು ಮನೆಯ ಹಿರಿಯರ ಸಾಲಿಗೆ ಸೇರುವ ಹಾಗಿಲ್ಲ. ಕಾರ್ಕಳದ ಆ ಮನೆಯಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ಜಯಶೀಲಳ ತಾಯಿ ಪದ್ಮಿನಿಯಮ್ಮ ಅದಕ್ಕೆ ಒಪ್ಪಿರಲಿಲ್ಲ. ಕರಿಮಣಿ ತೆಗೆದಿರಲಿಲ್ಲ. ದಿನಾ ರಾತ್ರಿ ಗಂಡನ ತಟ್ಟೆಗೂ ಅನ್ನ ಬಡಿಸಿ, ಮುಚ್ಚಿಟ್ಟು, ಬೆಳಿಗ್ಗೆ ದನಕ್ಕೆ ಹಾಕುತ್ತಿದ್ದರು.

“ಎದೆನೋವು ಬಂದ ಮೇಲೆ ಅವರೇ ಹೇಳಿದ್ದು, ‘ನಾನು ಹೋಗುವ ಮೊದಲು ಅವರನ್ನು ಕಳಿಸಿಕೊಡ್ಬೇಕು’ ಅಂತ. ನಿನ್ನೆ ತಟ್ಟೆ ಇಡಲಿಲ್ಲ. ಆದ್ರೆ ಕರಿಮಣಿಗೆ ಕೈ ಹಾಕಿದವರು ಹಾಗೇ ನಿಂತ್ರು. ‘ಹಾಲೆಂಡಿನ ಹುಡುಗ ಕಡಗ ತೆಗೆದ್ನಾ ಕೇಳು. ಅವನು ತೆಗೆದ ಮೇಲೆ ನಾನು’ ಅಂದ್ರು.”

ಇದಕ್ಕೆ ಕಾರಣ ಅವನೇ. ಕಾಣೆಯಾದವರ ಹೆಸರಿನ ಕಡಗ ತೊಡುವ ಪದ್ಧತಿಯನ್ನು ಯಾವುದೋ ಅಮೆರಿಕನ್ ವೀಡಿಯೋದಲ್ಲಿ ನೋಡಿ, ತನ್ನ ಕರಾವಳಿಯವನೇ ಇರಲಿ ಎಂದು ದಿವಾಕರನನ್ನು ಆರಿಸಿಕೊಂಡಿದ್ದ. ಫೋಟೋ ತೆಗೆದು ಕಾರ್ಕಳಕ್ಕೂ ಕಳಿಸಿದ್ದ. ಊರೆಲ್ಲ ಮರುಳಿ ಎಂದಿದ್ದ ಮುದುಕಿಗೆ, ಕಾಯುವವನು ಇನ್ನೊಬ್ಬ ಸಿಕ್ಕಿದ್ದ.

“ನಿಯಮ ಉಂಟಲ್ಲ ಜಯಶೀಲಕ್ಕ. ಅವರು ವಾಪಸ್ ಬರ್ಬೇಕು, ಇಲ್ಲ ಖಚಿತ ಸುದ್ದಿ ಬರ್ಬೇಕು. ಅಲ್ಲಿವರೆಗೆ ತೆಗೆಯುವ ಹಾಗಿಲ್ಲ.”

“ಯಾರ ನಿಯಮ?”

“ಎಲ್ಲಾ ಕಡೆ ಹಾಗೇ.”

“ಅಮ್ಮನಿಗೆ ಏನು ಹೇಳ್ಲಿ?”

ಬಸ್ಸು ಬಂತು. “ನಾನು ತೆಗೆದಿಲ್ಲ ಅಂತ ಹೇಳಿ,” ಎಂದ. ಧ್ವನಿ ಚೆನ್ನಾಗಿಯೇ ಬಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಮಾತು ನೆನಪಾಗಿ ಅವನಿಗೆ ತುಸು ನಗುವೂ ಬಂತು.

ಇವತ್ತು ಮೇ ನಾಲ್ಕು. ಯುದ್ಧದಲ್ಲಿ ಸತ್ತವರನ್ನು ಈ ದೇಶ ನೆನೆಯುವ ದಿನ. ಸಂಜೆ ಎಂಟಕ್ಕೆ ಎಲ್ಲರೂ ಇದ್ದಲ್ಲೇ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಅದಾದ ಮೇಲೆ ಊರಿನ ಚೌಕದಲ್ಲಿ ಒಬ್ಬರ ಮಾತು. ಈ ಸಲ ಅದು ಹೃಷಿಕೇಶನದು. ಇಂಥ ದಿನ ಬರಿಗೈಯಲ್ಲಿ ನಿಲ್ಲಬೇಕೆ?

ಬೆಳಿಗ್ಗೆ ಹೊರಡುವಾಗ ಹೆಂಡತಿ ಸಂಪ್ರೀತಾ ಕೇಳಿದ್ದಳು, “ರಾತ್ರಿ ಊಟಕ್ಕೆ ಬರ್ತೀರಾ?”

“ಬರ್ತೇನೆ.”

“ಬರ್ತೇನೆ ಅಂದ್ರೆ ಬಡಿಸ್ಲಾ, ಮುಚ್ಚಿಡ್ಲಾ?”

ಅವನು ನಕ್ಕಿದ್ದ. ಅವಳು ನಕ್ಕಿರಲಿಲ್ಲ. “ಊರಿಗೆ ಉಪಕಾರಿ,” ಎಂದಷ್ಟೇ ಹೇಳಿ, ಗಾದೆಯ ಉಳಿದರ್ಧವನ್ನು ಅವನಿಗೇ ಬಿಟ್ಟಿದ್ದಳು.

ರೈಸ್‌ವೈಕ್‌ನ ಅವನ ಆಫೀಸಿನಲ್ಲಿ ಅವನೂ ಸೇರಿ ಮೂವರು ಭಾರತೀಯರು. ಮೊದಲೆಲ್ಲ ರಿಸೆಪ್ಶನಿನ ಹೆಂಗಸು ಒಬ್ಬನ ಪಾರ್ಸೆಲ್ಲನ್ನು ಇನ್ನೊಬ್ಬನಿಗೆ ಕೊಡುತ್ತಿದ್ದಳು. ಕಡಗ ಬಂದ ಮೇಲೆ ಆ ಗೊಂದಲ ನಿಂತಿತು. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ ಜನ ಕೇಳಿದರು, ಅವನು ಹೇಳಿದ. ಹೇಳಿ ಹೇಳಿ ಮಾತು ನುಣ್ಣಗಾಯಿತು. ಕೇಳಿದವರು ಅವನನ್ನು ನೋಡುವ ರೀತಿ ಬದಲಾಗುತ್ತಿತ್ತು, ಅದು ಅವನಿಗೆ ಬೇಕಾಗಿತ್ತು. ಅದರಲ್ಲಿ ತಪ್ಪೇನು?

ಮಧ್ಯಾಹ್ನ ಶೌಚಾಲಯದಲ್ಲಿ ಕೈ ತೊಳೆಯುತ್ತ ಕಡಗ ತೆಗೆದು ಬೇಸಿನ್ನಿನ ಪಕ್ಕಕ್ಕಿಟ್ಟ. ಸುಲಭವಾಗಿ ಬಂತು. ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಒಂದು ಬಿಳಿಚು ಪಟ್ಟಿ. ಕನ್ನಡಿಯಲ್ಲಿ ಒಬ್ಬ ಗಂಡಸು ನಿಂತಿದ್ದ, ಯಾರ ಪಾರ್ಸೆಲ್ ಕೊಟ್ಟರೂ ತೆಗೆದುಕೊಂಡು ಹೋಗುವಂಥವನು. ಹೃಷಿಕೇಶ್ ಹೆದರಿದ. ಒದ್ದೆ ಕೈಗೇ ಕಡಗ ಏರಿಸಿಕೊಂಡು ಹೊರಬಂದ.

ಸಂಜೆ ರೈಲಿನಲ್ಲಿ ಜಯಶೀಲಳ ಮೆಸೇಜು ಬಂತು. ‘ಹೇಳಿದೆ. ಅಮ್ಮ ಎದ್ದು ಹೋಗಿ ಪುನಃ ತಟ್ಟೆ ಇಟ್ಟು ಅನ್ನ ಬಡಿಸಿದ್ರು. ಬೊಜ್ಜಕ್ಕೆ ಕರೆದ ಭಟ್ರಿಗೆ ಬೇಡ ಅಂತ ಹೇಳಿದೆವು. ನೀವು ಸುಖವಾಗಿರಿ.’

ಕೊನೆಯ ಸಾಲನ್ನು ಎರಡು ಸಲ ಓದಿದ. ನಾಚಿಕೆಯಾಯಿತು. ಉತ್ತರ ಬರೆಯತೊಡಗಿ, ಅಳಿಸಿದ. ರೈಲು ಸ್ಕಿಪೋಲ್ ವಿಮಾನನಿಲ್ದಾಣ ತಲುಪುವ ಹೊತ್ತಿಗೆ ನಾಚಿಕೆ ಇಳಿದು, ಅದರ ಜಾಗದಲ್ಲಿ ಭಾಷಣದ ಮೊದಲ ವಾಕ್ಯ ಬಂದು ಕೂತಿತ್ತು.

ಚೌಕದಲ್ಲಿ ಬಾವುಟ ಅರ್ಧಕ್ಕಿಳಿದಿತ್ತು. ಎಂಟಕ್ಕೆ ಎಲ್ಲ ನಿಂತಿತು. ದಿನವಿಡೀ ತಲೆಯ ಮೇಲೆ ಹಾರುವ ವಿಮಾನಗಳ ಸದ್ದೂ ಇರಲಿಲ್ಲ. ಆ ಎರಡು ನಿಮಿಷ ದಿವಾಕರನನ್ನು ನೆನೆಯೋಣ ಎಂದುಕೊಂಡ. ನೆನೆಯಲು ಏನೂ ಸಿಗಲಿಲ್ಲ. ಅವನ ಮುಖ ಹೇಗಿತ್ತು, ಎತ್ತರವೋ ಗಿಡ್ಡವೋ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮಾತು ಮಾತ್ರ ಅದ್ಭುತವಾಗಿ ಬಂತು. ಡಚ್ ಭಾಷೆ ಎಲ್ಲೂ ತಡೆಯಲಿಲ್ಲ. “ಇವತ್ತು ರಾತ್ರಿ,” ಎಂದು ಕಡಗದ ಕೈ ಎತ್ತಿದ, “ಭಾರತದಲ್ಲಿ ಒಬ್ಬ ಹೆಂಗಸು ಬಾರದ ಗಂಡನಿಗೆ ತಟ್ಟೆ ಇಟ್ಟಿದ್ದಾಳೆ. ಅವಳು ಕೈಬಿಟ್ಟಿಲ್ಲ. ನಾನೂ ಬಿಡುವುದಿಲ್ಲ.” ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಒಬ್ಬ ಮುದುಕ ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. “ಎಂಥ ಮನುಷ್ಯ ಅವನು?”

“ತುಂಬಾ ನಗುತ್ತಿದ್ದ,” ಎಂದ ಹೃಷಿಕೇಶ್, ಒಂದಿಷ್ಟೂ ತಡವರಿಸದೆ.

ಕಾಫಿ, ಕೈಕುಲುಕಾಟ, ಮುಂದಿನ ವರ್ಷದ ಸಮಿತಿಗೆ ಆಹ್ವಾನ. ಮನೆ ತಲುಪಿದಾಗ ಕತ್ತಲಾಗುತ್ತಿತ್ತು. ಬಾಗಿಲು ತೆರೆದ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ತೊಳೆದು ಕವುಚಿಟ್ಟಿತ್ತು. ಮೇಜು ಒರೆಸಿತ್ತು. ಅದರ ಮೇಲೆ ಒಂದೇ ಒಂದು ತಟ್ಟೆ, ಮೇಲೊಂದು ಮುಚ್ಚಳ.

“ಸಂಪ್ರೀತಾ, ಬಂದೆ.”

ಮಹಡಿಯಲ್ಲಿ ಹೆಜ್ಜೆಯ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಕೋಣೆಯ ಕಡೆಗೆ ಹೋಯಿತು. ದೀಪ ಆರಿತು.

“ನಾನು ಬಂದಿದ್ದೇನೆ,” ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದ.

ಯಾರೂ ಇಳಿದು ಬರಲಿಲ್ಲ. ಕುರ್ಚಿ ಎಳೆದು ಕೂತು ಮುಚ್ಚಳದತ್ತ ಕೈ ಚಾಚಿದ. ಕಡಗ ಸ್ಟೀಲಿಗೆ ತಾಗಿ ಟಣ್ ಎಂದಿತು. ಕೈ ಅಲ್ಲೇ ನಿಂತಿತು. ಬೇರೆ ಯಾರದೋ ತಟ್ಟೆಯ ಮುಂದೆ ಕೂತವನ ಹಾಗೆ, ಬೆಳಿಗ್ಗೆ ಇದನ್ನು ಇಲ್ಲಿ ಯಾವ ದನಕ್ಕೆ ಹಾಕುತ್ತಾರೆ ಎಂದು ಯೋಚಿಸುತ್ತ ಕೂತ.