ಹನ್ನೊಂದು ಕುರಿಗಳ ತಾಯ್ತನ

ಕುರಿ ವಿಷಯದಲ್ಲಿ ತೊಗರ್ಸಿ ಕಡೆಯ ನಿಂಗಮ್ಮನಿಗೆ ಬುದ್ಧಿ ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸುವುದರಲ್ಲಂತೂ ಆಕೆ ಎತ್ತಿದ ಕೈ. ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸಿ ಎರಡು ದಿನ ಹಟ್ಟಿಯಲ್ಲಿ ಪಟ್ಟಾಗಿ ಕೂತಳೆಂದರೆ ಮುಗಿಯಿತು, ಕುರಿ ಮೂಸಿ ನೋಡಿ ಮೊಲೆ ಕೊಡುತ್ತಿತ್ತು. ಅಂದಿನಿಂದ ಅದು ಅದರದೇ ಮರಿ. ಹೆತ್ತದ್ದು ಯಾವುದೆಂದು ಮತ್ತೆ ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಸಾಕಿದ ಕುರಿಗೆ ಕೇಡು ಎಂಬುದು ಆ ಮನೆಯ ನಂಬಿಕೆ.

ಸೊಸೆ ಪ್ರಮೀಳಾ ಶಿಕಾರಿಪುರದ ಒಂದು ಬಯೋಟೆಕ್ ಕಂಪನಿಯಲ್ಲಿ ಮಾಹಿತಿ ತುಂಬುವ ಕೆಲಸಕ್ಕಿದ್ದಳು. ಕುರಿಗಳ ರಕ್ತ ಪರೀಕ್ಷಿಸಿ, ಕಂಪ್ಯೂಟರಿನಲ್ಲಿ ವಂಶ ಜೋಡಿಸಿ, ಅವಳಿ ಹಾಕುವ ತಳಿಯನ್ನು ಹುಡುಕುವ ಯೋಜನೆ ಅದು. ಸೇರಿದ ಹಿಂಡಿಗೆ ಲಸಿಕೆ, ಔಷಧಿ ಎಲ್ಲಾ ಪುಕ್ಕಟೆ. ಹೋದ ವರ್ಷ ರೋಗಕ್ಕೆ ನಲವತ್ತು ಕುರಿ ಮಣ್ಣು ಮಾಡಿದ ಮನೆಗೆ ಅದೇನು ಸಣ್ಣ ಮಾತೇ? ಪ್ರಮೀಳಾ ಮನೆಯ ಹಿಂಡನ್ನೂ ಸೇರಿಸಿ, ಅತ್ತೆ ಹೇಳಿದಂತೆಯೇ ಯಾವ ಮರಿಗೆ ಯಾವ ತಾಯಿ ಎಂದು ಬರೆದುಕೊಂಡಳು.

ವರದಿ ಬಂದಾಗ ಹನ್ನೊಂದು ಮರಿಗಳ ರಕ್ತ ತಾಯಿಯ ರಕ್ತಕ್ಕೆ ತಾಳೆಯಾಗಿರಲಿಲ್ಲ.

"ಏನ್ರೀ ಇದು, ಮನೆ ಹಿಂಡಿಗೇ ಸುಳ್ಳು ಬರ್ದೀರಲ್ಲ," ಎಂದ ಅವಳ ಮೇಲಧಿಕಾರಿ ತೀರ್ಥೇಶ್. "ಸೋಮವಾರದೊಳಗೆ ಸರಿ ಮಾಡ್ರಿ. ಇಲ್ಲಾಂದ್ರೆ ಹಿಂಡು ಪಟ್ಟಿಯಿಂದ ಹೋಗುತ್ತೆ."

ಮನೆಗೆ ಬಂದು ಹೇಳಿದರೆ ನಿಂಗಮ್ಮ ಕಿಡಿಯಾದಳು. "ಸುಳ್ಳು ಯಾವ್ದೇ? ಹಾಲು ಕುಡ್ಸಿದ್ದು ಅದು, ತಾಯಿನೂ ಅದೇ."

"ಅವ್ರಿಗೆ ಹೆತ್ತದ್ದು ಬೇಕಂತೆ ಅತ್ತೆ. ಹಿಂಡು ಉಳೀಬೇಕಲ್ಲ."

ನಿಂಗಮ್ಮ ಕೊನೆಗೆ ಕುರಿಗಳಿಗೆ ಕೇಳಿಸದಷ್ಟು ದೂರ, ಕೆರೆ ಏರಿಯ ಮೇಲಕ್ಕೆ ಸೊಸೆಯನ್ನು ಕರೆದೊಯ್ದು, ಹನ್ನೊಂದು ಮರಿಗಳನ್ನು ಹೆತ್ತವು ಯಾವುವೆಂದು ಒಂದೊಂದಾಗಿ ಹೇಳಿದಳು. ಪ್ರಮೀಳಾ ಫೋನಿನಲ್ಲಿ ಎಲ್ಲವನ್ನೂ ತಿದ್ದಿ, ಸದ್ಯ ಗೆದ್ದೆವೆಂದು ನಿಟ್ಟುಸಿರು ಬಿಟ್ಟಳು.

ಮೂರನೇ ದಿನ ಹೊಸ ಪಟ್ಟಿ ಬಂತು. ಹಿಂಡು ಉಳಿದಿತ್ತು. ಆದರೆ ಕೆಳಗೆ ಹನ್ನೊಂದು ಕುರಿಗಳ ಸಂಖ್ಯೆ ಕೆಂಪಾಗಿತ್ತು. 'ಮರಿ ಉಳಿಸದ ಕುರಿಗಳು. ವಾರದೊಳಗೆ ಕಸಾಯಿಗೆ ಮಾರತಕ್ಕದ್ದು.' ಎರವಲು ಮರಿಗಳನ್ನು ಹಾಲೂಡಿಸಿ ಬದುಕಿಸಿದವು ಅವೇ. ಈಗ ಅವುಗಳ ಹೆಸರಿನಲ್ಲಿ ಸತ್ತ ಮರಿಯ ಹೊರತು ಏನೂ ಉಳಿದಿರಲಿಲ್ಲ. ಕಂಪ್ಯೂಟರಿಗೇನು, ಅದು ಯಾವತ್ತಾದರೂ ಹಟ್ಟಿಯಲ್ಲಿ ಕೂತಿದೆಯೇ?

ಪ್ರಮೀಳಾ ಕೂಡಲೇ ತೀರ್ಥೇಶನಿಗೆ ಫೋನ್ ಮಾಡಿದಳು. "ಸಾಕಿದ ತಾಯಿ ಅಂತ ಬರೆಯೋಕೆ ಕಾಲಮ್ಮೇ ಇಲ್ಲ ಕಣ್ರೀ," ಎಂದ ಆತ, ಪಾಪ, ಬೇಸರದಿಂದಲೇ. "ಮಾರ್ರಿ, ಇಲ್ಲಾ ಯೋಜನೆಯಿಂದ ಹಿಂಡು ವಾಪಸ್ ತಗೊಳ್ರಿ. ಬೇರೆ ದಾರಿ ಇಲ್ಲ."

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಕೇಳಿ ನಿಂಗಮ್ಮ ಬೈಯಲಿಲ್ಲ. ಬೈದಿದ್ದರೇ ಪ್ರಮೀಳಾಳಿಗೆ ಎಷ್ಟೋ ವಾಸಿಯಿತ್ತು.

"ನಾನೇ ಅವುಗಳ ಮಡಿಲಿಂದ ಮರಿ ಕಿತ್ಕೊಂಡೆ," ಎಂದಷ್ಟೇ ಹೇಳಿ ಆಕೆ ನೆಲ ನೋಡುತ್ತಾ ಕೂತಳು.

"ಹಿಂಡು ವಾಪಸ್ ತಗೋತೀನಿ ಅತ್ತೆ."

"ರೋಗ ಬಂದ್ರೆ?"

ಹೆದರಿಕೆ ಪ್ರಮೀಳಾಳಿಗೂ ಇತ್ತು. ಆದರೂ ಫೋನು ತೆರೆದು ಹಿಂಡನ್ನು ಹಿಂಪಡೆಯುವ ಗುಂಡಿ ಒತ್ತಿದಳು. ಕಾರಣ ಬರೆಯಿರಿ ಎಂದಿತು ಪರದೆ. ಇಲ್ಲಿ ಮಾತ್ರ ಬೇಕಾದ್ದು ಬರೆಯುವಷ್ಟು ಜಾಗವಿತ್ತು.

'ಹನ್ನೊಂದೂ ಹಾಲು ಕೊಟ್ಟಿವೆ,' ಎಂದು ಬರೆದು ಕಳಿಸಿದಳು.